ಮಗುವಿನ ಕಾರ್ ಸೀಟಿಗೆ ಬೂಷ್ಟು: ಬಟ್ಟೆ ಉಳಿಯುತ್ತದೆ, ಬೆಲ್ಟು?

ಪ್ರಶ್ನೆ: ಸರ್, ನಾವು ಕಲಬುರಗಿಯ ಸೇಡಂ ರಸ್ತೆ ಕಡೆ ಇರುವವರು. ಮಗಳಿಗೆ ಎರಡೂವರೆ ವರ್ಷ, ತೂಕ 12 ಕಿಲೋ. ಅವಳ ಕಾರ್ ಸೀಟು ನಮ್ಮಣ್ಣ ಬೆಂಗಳೂರಿನಲ್ಲಿ ತನ್ನ ಮಗನಿಗೆ ತಗೊಂಡಿದ್ದು, ಈಗ ನಮಗೆ ಬಂದಿದೆ. ದಸರೆಗೆ ಬಸ್ಸಿನಲ್ಲಿ ಊರಿಗೆ ಹೋದವರು ಮೂರು ವಾರ ಬಿಟ್ಟು ಬಂದೆವು. ಕಾರನ್ನು ಮನೆ ಮುಂದೆ ಕವರ್ ಹಾಕಿ ನಿಲ್ಲಿಸಿದ್ದೆವು. ಆ ದಿನಗಳಲ್ಲಿ ಮಳೆ ಬಿಟ್ಟಿರಲಿಲ್ಲ. ಬಂದು ಬಾಗಿಲು ತೆಗೆದರೆ ಹಸಿ ಗೋಣಿಚೀಲದ ವಾಸನೆ. ಮಗುವಿನ ಸೀಟಿನ ಬಟ್ಟೆ ಮೇಲೆ ಬಿಳಿ-ಹಸಿರು ಬೂಷ್ಟು, ಎರಡು ಕಾಲಿನ ನಡುವೆ ಬರುವ ಬೆಲ್ಟಿನ ಮೇಲೆ ಕರಿ ಚುಕ್ಕೆಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಿಳಿ ಹೋಯಿತು, ಕರಿ ಚುಕ್ಕೆ ಹೋಗಲಿಲ್ಲ. ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಹಾಕಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರೆ ಸಾಕು ಅಂತ ನಮ್ಮ ಯಜಮಾನರು. ಯೂಟ್ಯೂಬಿನಲ್ಲಿ ವಿನೆಗರ್ ಅಂತಿದ್ದಾರೆ. ಅತ್ತೆಯಂತೂ, 'ಕೂಸಿಗ್ಯಾಕ ಬೇಕವ್ವ ಅದೆಲ್ಲ, ತೊಡಿ ಮ್ಯಾಲ ಕುಂದ್ರಿಸ್ಕೊ' ಅಂದುಬಿಟ್ಟರು. ಮಗಳಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ಇದು ಆ ಬ್ಲ್ಯಾಕ್ ಫಂಗಸ್ಸಾ? ಸೀಟನ್ನೇ ಎಸೆಯಬೇಕಾ?

ಉತ್ತರ: ಅಕ್ಕಾರೆ, ಮೊದಲು ಮೂರು ಮಾತಿನಲ್ಲಿ ಹೇಳಿಬಿಡುತ್ತೇನೆ. ಬಟ್ಟೆ ಉಳಿಯುತ್ತದೆ. ಆ ಬೆಲ್ಟು ಬೇಡ, ಹೊಸದು ತರಿಸಿ. ಬ್ಲ್ಯಾಕ್ ಫಂಗಸ್ ಅಲ್ಲ. ಹೊಸ ಬೆಲ್ಟು ಬಂದು ಕೂರುವ ತನಕ ಆ ಸೀಟಿನಲ್ಲಿ ಮಗುವನ್ನು ಕೂರಿಸಬೇಡಿ.

ನಾನು ಡಾಕ್ಟರಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಊರಲ್ಲಿ ಕಾರಿನ ಒಳಗಿನ ಕೆಲಸ ಮಾಡಿಕೊಂಡು ಬಂದವನು. ಸೀಟು, ಬೆಲ್ಟು, ಕಾರ್ಪೆಟ್ಟು, ಏಸಿ. ಮೊದಲು ಮಕ್ಕಳ ಸೀಟು ನಮ್ಮ ಅಂಗಡಿಗೆ ವರ್ಷಕ್ಕೊಂದು ಬಂದರೆ ಹೆಚ್ಚು. ಈಗ ಮಳೆಗಾಲ ಮುಗಿಯುವ ಹೊತ್ತಿಗೆ ವಾರಕ್ಕೆ ಒಂದೆರಡು ಬರುತ್ತವೆ. ತಂದವರೆಲ್ಲ ಕೇಳುವುದು ಒಂದೇ: 'ಕಲಿ ಹೋಗ್ತದಾ?' ಕಲೆ ಹೋಗಿಸುವುದು ಸುಲಭ. ನಿಮಗೆ ಸಲಹೆ ಕೊಟ್ಟವರನ್ನೇ ನೋಡಿ. ಬೂಷ್ಟು ಹೇಗೆ ಸಾಯುತ್ತದೆ ಅಂತ ಎಲ್ಲರೂ ಹೇಳಿದ್ದಾರೆ. ಹಾಗೆ ಮಾಡಿದರೆ ಬೆಲ್ಟಿಗೆ ಏನಾಗುತ್ತದೆ ಅಂತ ಒಬ್ಬರೂ ಹೇಳಿಲ್ಲ, ಅಲ್ವಾ?

ಆ ಬೆಲ್ಟಿನ ಕೆಲಸ ಏನು ಅಂತ ಒಂದು ಲೆಕ್ಕ ಹಾಕೋಣ. ಕಾರು 50 ಕಿಲೋಮೀಟರ್ ವೇಗದಲ್ಲಿ ಹೋಗಿ ಎದುರಿಗೆ ಗುದ್ದಿತು ಅನ್ನಿ. ಗುದ್ದಿ ನಿಲ್ಲುವುದಕ್ಕೆ ಹಿಡಿಯುವುದು ಒಂದು ಸೆಕೆಂಡಿನ ಹತ್ತನೇ ಒಂದು ಪಾಲು. ಅಷ್ಟರಲ್ಲಿ ಮಗುವಿನ ಮೇಲೆ ಬೀಳುವ ಜಗ್ಗುವಿಕೆ ಅದರ ತೂಕದ ಇಪ್ಪತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ನಿಮ್ಮ ಮಗಳು 12 ಕಿಲೋ. ಅಂದರೆ 240 ಕಿಲೋ. ಹತ್ತಿರಹತ್ತಿರ ಎರಡೂವರೆ ಕ್ವಿಂಟಲ್ ತೊಗರಿಯನ್ನು ಆ ಎರಡು ಬೆರಳಗಲದ ಪಟ್ಟಿಗಳು ಒಂದೇ ಏಟಿಗೆ ತಡೆಯಬೇಕು. ಅತ್ತೆಯವರಿಗೂ ಇದೇ ಲೆಕ್ಕ ಹೇಳಿ. ತೊಡೆ ಮೇಲಿನ ಮಗುವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಅನ್ನುವುದು ಆ ತೂಕದ ಮುಂದೆ ನಡೆಯುವ ಮಾತಲ್ಲ.

ಕಂಪನಿಯವರು ಆ ಪಟ್ಟಿಯನ್ನು ಪರೀಕ್ಷೆ ಮಾಡಿರುವುದು ಹೊಸದಿದ್ದಾಗ. ಅದಕ್ಕೇ ಸೀಟಿನ ಜೊತೆ ಬರುವ ಪುಸ್ತಕದಲ್ಲಿ ಬೆಲ್ಟಿನ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿ ಬರೆದಿರುತ್ತಾರೆ. ನಾನು ನೋಡಿದ ಪುಸ್ತಕಗಳಲ್ಲಿ ಹೆಚ್ಚುಕಮ್ಮಿ ಒಂದೇ ಮಾತು: ಮೆತ್ತನೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಅಷ್ಟೇ. ನೆನೆಹಾಕಬೇಡಿ. ಮಷೀನಿಗೆ ಹಾಕಬೇಡಿ. ಬ್ಲೀಚು ಬೇಡ. ಇಸ್ತ್ರಿ ಬೇಡ. ಬಕಲಿಗೆ ಎಣ್ಣೆ ಬಿಡಬೇಡಿ. ಇದು ಸುಮ್ನೆ ಹೆದರಿಸುವುದಕ್ಕೆ ಬರೆದದ್ದಲ್ಲ. ಬೆಲ್ಟಿನ ದಾರ ಹೆಚ್ಚಾಗಿ ಪಾಲಿಯೆಸ್ಟರ್, ಕೆಲವದರಲ್ಲಿ ನೈಲಾನ್. ನೈಲಾನನ್ನು ಬ್ಲೀಚು ತಿನ್ನುತ್ತದೆ. ಪಾಲಿಯೆಸ್ಟರು ಬ್ಲೀಚಿಗೆ ಸ್ವಲ್ಪ ತಡೆದೀತು, ಆದರೆ ಕಾಸ್ಟಿಕ್ ಸೋಡಾದಂಥ ಕ್ಷಾರಕ್ಕೆ ಸೋಲುತ್ತದೆ. ನಿಮ್ಮ ಸೀಟಿನಲ್ಲಿ ಯಾವುದಿದೆ, ಹೊಲಿಗೆಗೆ ಯಾವ ದಾರ ಹಾಕಿದ್ದಾರೆ ಅಂತ ನೋಡಿ ಹೇಳಲು ನನಗೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಶಕ್ತಿ ಕಳೆದುಕೊಂಡ ಪಟ್ಟಿ ನೋಡಲು ಹೊಸದರ ಹಾಗೇ ಇರುತ್ತದೆ. ಇನ್ನೂ ಬೆಳ್ಳಗೆ, ಚೆಂದ ಕಾಣುತ್ತದೆ ಬೇಕಾದರೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಹತ್ತು-ಹನ್ನೆರಡು ವರ್ಷದ ಹಿಂದೆ ಒಬ್ಬರು ಇಂಥದೇ ಸೀಟು ತಂದಿದ್ದರು. ನಮ್ಮ ಹುಡುಗ ಬೆಲ್ಟು ಬಿಚ್ಚಿ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ರಾತ್ರಿಯೆಲ್ಲ ನೆನೆಹಾಕಿದ. ನೆನೆಹಾಕು ಅಂದವನು ನಾನೇ. ಬೆಳಿಗ್ಗೆ ಒಂದು ಚುಕ್ಕೆಯೂ ಇರಲಿಲ್ಲ. ಅವರು ಖುಷಿಯಾಗಿ ಹೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಹೋದರು. ವರ್ಷವಾದ ಮೇಲೆ ಇನ್ನೊಂದು ಸೀಟಿನ ಪುಸ್ತಕ ಓದುವಾಗ ಕೈ ತಣ್ಣಗಾಯಿತು. ಫೋನ್ ಮಾಡಿದೆ. ಮಗ ದೊಡ್ಡವನಾದ, ಸೀಟನ್ನು ಯಾರಿಗೋ ಕೊಟ್ಟೆವು ಅಂದರು. ಯಾರಿಗೆ ಅಂತ ಅವರಿಗೂ ಸರಿಯಾಗಿ ನೆನಪಿರಲಿಲ್ಲ.

ಈಗ ನಿಮ್ಮ ಕರಿ ಚುಕ್ಕೆಗೆ ಬರುತ್ತೇನೆ. ಮೇಲಿನ ಬಿಳಿ ಪುಡಿ ಒರೆಸಿದರೆ ಹೋಯಿತು. ಚುಕ್ಕೆ ಹೋಗಲಿಲ್ಲ ಅಂದರೆ ಬೂಷ್ಟಿನ ಎಳೆಗಳು ನೇಯ್ಗೆಯ ಒಳಗೆ ಇಳಿದಿವೆ. ಬೂಷ್ಟು ಪಾಲಿಯೆಸ್ಟರನ್ನು ತಿಂದು ಬೆಲ್ಟನ್ನು ಹರಿದುಹಾಕಿದೆ ಅಂತ ನಾನು ಹೇಳುತ್ತಿಲ್ಲ. ಅದು ತಿಂದಿರುವುದು ಬೆಲ್ಟಿಗೆ ಹತ್ತಿದ ಬೆವರು, ಹಾಲು, ಎಂಜಲು. ತೊಂದರೆ ಎಲ್ಲಿ ಅಂದರೆ, ಒಳಗಿಳಿದದ್ದನ್ನು ತೆಗೆಯುವ ಔಷಧಿ ಯಾವುದಿದೆಯೋ ಅದನ್ನು ಬೆಲ್ಟಿಗೆ ಹಾಕುವಂತಿಲ್ಲ. ಬೆಲ್ಟಿಗೆ ಹಾಕಬಹುದಾದ ಸೋಪಿನ ನೀರಿಗೆ ಅದು ಬರುವುದಿಲ್ಲ. ಅದಕ್ಕೇ ಬದಲಾಯಿಸಿ ಅಂದದ್ದು. ಇದೇ ಚುಕ್ಕೆ ಬಟ್ಟೆಯ ಕವರಿನ ಮೇಲೆ ಉಳಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತೊಳೆದು, ಪೂರ್ತಿ ಒಣಗಿಸಿ, ವಾಸನೆ ಇಲ್ಲ ಅಂದರೆ ಕಲೆ ಇದ್ದರೂ ನಡೆಯುತ್ತದೆ. ಕವರು ಮಗುವನ್ನು ಹಿಡಿದಿಡುವುದಿಲ್ಲ.

ವಿನೆಗರ್ ಬಗ್ಗೆ: ಪ್ಲಾಸ್ಟಿಕ್ಕಿನ ಮೇಲಿನ ಸ್ವಲ್ಪ ಬೂಷ್ಟಿಗೆ ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದು ಆಮ್ಲ. ಬೆಲ್ಟನ್ನು ಎಳೆದು ಬಿಗಿ ಮಾಡುವ ಕಬ್ಬಿಣದ ಭಾಗಕ್ಕೆ ತಗುಲಿದರೆ ತುಕ್ಕು ಹಿಡಿಸುತ್ತದೆ. ಪುಸ್ತಕದಲ್ಲಿ ಸೋಪು ನೀರು ಅಂತ ಇದ್ದರೆ ಸೋಪು ನೀರೇ ಸಾಕು. ಒಂದು ವಿಷಯ ಮಾತ್ರ ಜೋರಾಗಿ ಹೇಳುತ್ತೇನೆ. ಬ್ಲೀಚಿಂಗ್ ಪೌಡರು ಮತ್ತು ವಿನೆಗರ್, ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಬೇಡಿ. ನಮ್ಮ ಕಡೆ ಗಡಸು ನೀರಿನ ಕಲೆಗೆ ಬಚ್ಚಲಿಗೆ ಆಸಿಡ್ ಹಾಕುತ್ತೇವಲ್ಲ, ಅದನ್ನಂತೂ ಬ್ಲೀಚಿನ ಹತ್ತಿರ ಒಯ್ಯಲೇಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಉಬ್ಬಸದ ಮಗು ಇರುವ ಮನೆಯಲ್ಲಿ ಅದು ಬೂಷ್ಟಿಗಿಂತ ದೊಡ್ಡ ಅಪಾಯ.

ಇನ್ನು ನಿಮ್ಮ ಯಜಮಾನರ ಬಿಸಿಲು. ಅರ್ಧ ಸರಿ. ಬಿಸಿಲು ಒಣಗಿಸುತ್ತದೆ, ಒಣಗಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಆದರೆ ನಿಂತದ್ದು ಹೋದ ಹಾಗಲ್ಲ. ಅದರ ಬೀಜಕಗಳು, ಅಂದರೆ ಕಣ್ಣಿಗೆ ಕಾಣದ ಆ ಪುಡಿ, ಬಟ್ಟೆಯಲ್ಲೇ ಮಲಗಿರುತ್ತದೆ. ಮುಂದಿನ ಸಲ ಹಾಲು ಚೆಲ್ಲಿದಾಗ ಏಳುತ್ತದೆ. ಮೇಲಾಗಿ, ಸತ್ತ ಬೂಷ್ಟಿನ ಪುಡಿಯೂ ಸೀನು, ಕೆಮ್ಮು ತರಿಸುತ್ತದೆ. ಹಾಗಾಗಿ ಸಾಯಿಸುವುದು ಮುಖ್ಯವಲ್ಲ, ತೆಗೆದುಹಾಕುವುದು ಮುಖ್ಯ. ಬೆಲ್ಟಿಗೂ ಪ್ಲಾಸ್ಟಿಕ್ಕಿಗೂ ದಿನಗಟ್ಟಲೆ ಸುಡುಬಿಸಿಲು ಒಳ್ಳೆಯದಲ್ಲ. ನಮ್ಮ ಶಹಾಬಾದಿ ಕಲ್ಲು ಹಾಸಿದ ಮಾಳಿಗೆ ಮೇ ತಿಂಗಳಲ್ಲಿ ಹೇಗೆ ಕಾಯುತ್ತದೆ ಅಂತ ಬರಿಗಾಲಲ್ಲಿ ಹತ್ತಿದವರಿಗೆ ಗೊತ್ತು.

ಬ್ಲ್ಯಾಕ್ ಫಂಗಸ್ ಹೆಸರು ಕೇಳಿದರೆ 2021 ನೆನಪಾಗಿ ಎಲ್ಲರಿಗೂ ಎದೆ ಝಲ್ಲೆನ್ನುತ್ತದೆ. ಆ ರೋಗಕ್ಕೆ ಕಪ್ಪು ಅಂತ ಹೆಸರು ಬಂದದ್ದು ಬೂಷ್ಟಿನ ಬಣ್ಣದಿಂದಲ್ಲ. ರೋಗ ಹತ್ತಿದ ಜಾಗದ ಮಾಂಸ ಸತ್ತು ಕಪ್ಪಾಗುತ್ತಿತ್ತು, ಅದಕ್ಕೆ. ಅದು ಹೆಚ್ಚಾಗಿ ಕಾಡಿದ್ದು ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಕೋವಿಡ್ಡಿಗೆ ಸ್ಟೀರಾಯ್ಡ್ ತೆಗೆದುಕೊಂಡವರನ್ನು. ಕಾರಿನಲ್ಲಿ ಕಾಣುವ ಕರಿ ಚುಕ್ಕೆ ನಿಮ್ಮ ಬಚ್ಚಲಿನ ಮೂಲೆಯಲ್ಲಿ ಕಾಣುವಂಥದ್ದೇ. ಬಣ್ಣ ನೋಡಿ ಇದು ವಿಷದ ಜಾತಿ, ಇದು ಸಾಧು ಅಂತ ಹೇಳಲು ಆಗುವುದಿಲ್ಲ. ಯಾವ ಬಣ್ಣದ್ದಾದರೂ ಕೆಲಸ ಒಂದೇ, ತೆಗೆಯಬೇಕು. ಹಾಗಂತ ನಿಮ್ಮ ಮಗಳ ಮಟ್ಟಿಗೆ ಹಗುರಾಗಿ ತೆಗೆದುಕೊಳ್ಳಬೇಡಿ. ಉಬ್ಬಸ ಇರುವ ಮಕ್ಕಳಿಗೆ ಬೂಷ್ಟಿನ ಪುಡಿ ಚೆನ್ನಾಗಿಯೇ ತೊಂದರೆ ಕೊಡುತ್ತದೆ. ಸ್ವಚ್ಛ ಮಾಡುವ ದಿನ ಅವಳು ಹತ್ತಿರ ಇರಬಾರದು. ಕಾರಿನಲ್ಲಿ ಕೂತಾಗ ಮಾತ್ರ ಕೆಮ್ಮು, ಸುಂಯ್ ಅನ್ನುವ ಉಸಿರು ಬಂದರೆ ಮಕ್ಕಳ ಡಾಕ್ಟರಿಗೆ ಸೀಟಿನ ವಿಷಯವನ್ನೂ ಸೇರಿಸಿ ಹೇಳಿ. ಅದು ಅವರಿಗೆ ತಾನಾಗಿ ಹೊಳೆಯುವ ವಿಷಯವಲ್ಲ.

ನೀವು ಕೇಳದ ಒಂದು ಪ್ರಶ್ನೆ ಇದೆ. ಬಂತು ಎಲ್ಲಿಂದ? 'ನಮ್ಮ ಕಲಬುರಗಿಯಂಥ ಒಣ ಊರಲ್ಲಿ ಬೂಷ್ಟೆಲ್ಲಿ ಬರ್ತದ್ರೀ, ಅದು ಮಂಗಳೂರಿನ ಕಡೆ' ಅಂತ ತಂದವರೆಲ್ಲ ಅನ್ನುತ್ತಾರೆ. ಬೇಸಿಗೆಗೆ ಸರಿ. ಆದರೆ ನಮ್ಮಲ್ಲಿ ಜೋರು ಮಳೆ ಬೀಳುವುದೇ ಸೆಪ್ಟೆಂಬರಿನಲ್ಲಿ. ಅಕ್ಟೋಬರಿನ ತನಕ ಗಾಳಿಯಲ್ಲಿ ತೇವ ಇರುತ್ತದೆ, ನಡುನಡುವೆ ಬಿಸಿಲೂ ಹೊಡೆಯುತ್ತದೆ. ಬೂಷ್ಟಿಗೆ ಬೇಕಾದದ್ದು ತೇವ, ತಿನ್ನಲು ಏನಾದರೂ, 20ರಿಂದ 30 ಡಿಗ್ರಿ ಬಿಸಿ. ಒದ್ದೆಯಾದದ್ದು ಒಂದೆರಡು ದಿನ ಒಣಗದೆ ಇದ್ದರೆ ಅದು ಶುರು. ನೀವು ಮೂರು ವಾರ ಸಮಯ ಕೊಟ್ಟಿದ್ದೀರಿ. ಮೇಲೆ ಕವರ್ ಬೇರೆ. ಕಾರಿನ ಕವರು ಮಳೆಯನ್ನು ತಡೆಯುತ್ತದೆ ಅಂತ ಹಾಕುತ್ತೇವೆ. ಒಳಗಿನ ತೇವವನ್ನೂ ಅದು ಹೊರಗೆ ಬಿಡುವುದಿಲ್ಲ.

ಊಟ ಏನು ಸಿಕ್ಕಿತು ಅಂತ ತಿಳಿಯಬೇಕಾದರೆ ಕವರು ಬಿಚ್ಚಿ ನೋಡಿ. ಅಕ್ಟೋಬರಿನಲ್ಲಿ ನಾನು ಬಿಚ್ಚುವ ಮಕ್ಕಳ ಸೀಟಿನಲ್ಲಿ ನಾಗರಪಂಚಮಿಯ ಉಂಡಿಯ ಚೂರು ಸಿಗದಿದ್ದರೆ ನನಗೇ ಆಶ್ಚರ್ಯ. ಬೆಲ್ಲ, ಎಣ್ಣೆ, ಶೇಂಗಾ ಪುಡಿ. ಅದರ ಮೇಲೆ ಬಾಟಲಿಯಿಂದ ಸೋರಿದ ಹಾಲು. ಒಮ್ಮೆ ಒಂದು ಬಕಲು ಕಟ್ ಅಂತ ಸದ್ದು ಮಾಡುತ್ತಿರಲಿಲ್ಲ. ಬಿಸಿನೀರಲ್ಲಿ ಅಲ್ಲಾಡಿಸಿದರೆ ಒಳಗಿನಿಂದ ಮೆತ್ತಗಾದ ಚುರುಮುರಿ ಕಾಳು ಒಂದೊಂದೇ ಹೊರಗೆ ಬಂತು.

ತೇವ ಎಲ್ಲಿಂದ ಅಂತ ಹುಡುಕದೆ ಸೀಟು ಮಾತ್ರ ತೊಳೆದರೆ ಮುಂದಿನ ತಿಂಗಳು ಮತ್ತೆ ಇದೇ ಕಥೆ. ನೆಲದ ಮ್ಯಾಟುಗಳನ್ನು ಎತ್ತಿ. ಕಾರ್ಪೆಟ್ಟಿನ ಮೇಲೆ ದಿನಪತ್ರಿಕೆ ಹಾಸಿ, ಮೇಲೆ ನಿಂತು ಹಿಮ್ಮಡಿಯಿಂದ ಒತ್ತಿ. ನಾಲ್ಕೂ ಕಡೆ ಹೀಗೆ ಮಾಡಿ. ಕಾಗದ ಒದ್ದೆಯಾದ ಕಡೆ ಕಳ್ಳ ಸಿಕ್ಕ. ಮುಂದೆ ಎಡಗಡೆ ಕೂರುವವರ ಕಾಲ ಬುಡದಲ್ಲಿ ಒದ್ದೆ ಇದ್ದರೆ ಮೊದಲ ಅನುಮಾನ ಏಸಿಯ ನೀರು ಹೋಗುವ ಪೈಪಿನ ಮೇಲೆ. ನಮ್ಮ ಕಡೆ ಧೂಳಿಗೆ ಬರವೇ? ಕರಿಮಣ್ಣು, ಸೇಡಂ-ವಾಡಿ-ಶಹಾಬಾದ ಕಡೆಯ ಸಿಮೆಂಟು ಧೂಳು, ಸುಗ್ಗಿಯಲ್ಲಿ ತೊಗರಿ ಹೊಟ್ಟು. ಎಲ್ಲ ಸೇರಿ ಆ ಪೈಪಿನಲ್ಲಿ ಕೆಸರಾಗಿ ಕೂರುತ್ತದೆ. ಏಸಿ ಹಾಕಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಅದು ಒಳಗೆ ಬೀಳುತ್ತಿರಬಹುದು. ಹಿಂದಿನ ಸೀಟಿನ ಕಡೆ ಒದ್ದೆ ಇದ್ದರೆ ಬಾಗಿಲಿನ ರಬ್ಬರು ನೋಡಿಸಿ. ಏಸಿಯ ಗಾಳಿ ಬರುವಾಗ ವಾಸನೆ ಇದ್ದರೆ ಆ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆಸಿ ನೋಡಿ. ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೇಳುವುದು ನಮ್ಮ ಧೂಳಿಗೆ ಜಾಸ್ತಿಯೇನಲ್ಲ. ಪೈಪು ತೆರವು ಮಾಡುವುದು ಅರ್ಧ ಗಂಟೆಯ ಕೆಲಸ. ಕಾರ್ಪೆಟ್ ಒಣಗಿಸುವುದೇ ಎರಡು ದಿನ ತಿನ್ನುತ್ತದೆ, ಯಾಕೆಂದರೆ ಅದರ ಕೆಳಗೆ ದಪ್ಪ ಫೋಮು ಇರುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು.

ಸ್ವಚ್ಛ ಮಾಡುವ ಕೆಲಸ ನೀವೇ ಮಾಡಬಹುದು. ಒಂದು ಬೆಳಿಗ್ಗೆ ಸಾಕು. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಮುಂದಿನಿಂದ, ಹಿಂದಿನಿಂದ, ಬೆಲ್ಟು ಯಾವ ತೂತಿನಿಂದ ಒಳಗೆ ಹೋಗಿದೆ ಅಂತ ಒಂದೊಂದೂ. ಪುಸ್ತಕ ಕಳೆದಿದ್ದರೆ ಸೀಟಿನ ಹಿಂದೆ ಅಥವಾ ತಳದಲ್ಲಿ ಒಂದು ಸಂದು ಇರುತ್ತದೆ, ಅಲ್ಲಿ ನೋಡಿ. ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಮಾಡೆಲ್ ಹೆಸರು ಹಾಕಿದರೆ ಸಿಗುತ್ತದೆ. ಕೆಲಸವನ್ನು ಹೊರಗೆ, ಗಾಳಿಯಾಡುವ ಕಡೆ ಮಾಡಿ. ಎನ್-95 ಮಾಸ್ಕು, ಕೈಗೆ ಗ್ಲೌಸು. ಒಣ ಬ್ರಷ್ಷಿನಿಂದ ಉಜ್ಜಬೇಡಿ, ಕಸಬರಿಗೆಯಿಂದ ಬಡಿಯಬೇಡಿ. ಪುಡಿ ಹಾರಿ ನಿಮ್ಮ ಮೂಗಿಗೇ ಬರುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಕವರನ್ನು ಅದರ ಚೀಟಿಯಲ್ಲಿ ಹೇಳಿದ ಹಾಗೆ ಒಗೆಯಿರಿ. ಹೆಚ್ಚಿನವಕ್ಕೆ 30 ಡಿಗ್ರಿಯ ನೀರು, ಮೆಲ್ಲನೆ ತಿರುಗಿಸುವ ಮಷೀನು ನಡೆಯುತ್ತದೆ, ಕೆಲವದಕ್ಕೆ ಕೈಯಲ್ಲೇ. ಬೋರಿನ ನೀರಾದರೆ ಜಾಲಿಸುವುದು ಇನ್ನೆರಡು ಸಲ ಹೆಚ್ಚಿಗೆ ಇರಲಿ. ಗಡಸು ನೀರಲ್ಲಿ ಸೋಪು ಬಟ್ಟೆಯಲ್ಲೇ ಉಳಿದು ಮುಂದೆ ಕೊಳೆಯನ್ನು ಹಿಡಿಯುತ್ತದೆ. ಪ್ಲಾಸ್ಟಿಕ್ ಮೈಯನ್ನು ಸೋಪು ನೀರಲ್ಲಿ ಒರೆಸಿ, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಒಳಗೆ ತಲೆ ಬರುವ ಕಡೆ ಥರ್ಮಾಕೋಲಿನಂಥ ಬಿಳಿ ಪದರ ಕಾಣುತ್ತದೆ. ಅದು ಪ್ಯಾಕಿಂಗಿನದ್ದಲ್ಲ, ಕಿತ್ತು ಎಸೆಯಬೇಡಿ. ಗುದ್ದಿದಾಗ ತಾನು ನುಜ್ಜಾಗಿ ಮಗುವಿನ ತಲೆ ಉಳಿಸುವುದು ಅದೇ. ಅದಕ್ಕೆ ಥಿನ್ನರು, ಪೆಟ್ರೋಲು ತಗುಲಿದರೆ ಕರಗುತ್ತದೆ. ಸ್ಟೀಮ್ ಹೊಡೆಸುತ್ತೀರಾ ಅಂತ ಅಂಗಡಿಯವರು ಕೇಳಿದರೆ ಮಕ್ಕಳ ಸೀಟಿಗೆ ಬೇಡ ಅನ್ನಿ. ನಾನೂ ಹೊಡೆಯುವುದಿಲ್ಲ. ಆ ಬಿಸಿಗೆ ಅದು ಮೆತ್ತಗಾಗಿ ಆಕಾರ ಕೆಡಬಹುದು.

ಒಣಗಿಸುವಾಗ ಅವಸರ ಬೇಡ. ನೆರಳಲ್ಲಿ, ಫ್ಯಾನಿನ ಕೆಳಗೆ, ಸೀಟನ್ನು ಮಗುಚಿ ಹಾಕಿ ಎರಡು ದಿನ ಬಿಡಿ. ಕವರು ಬೆಳಗಿನ ಬಿಸಿಲಲ್ಲಿ ಒಣಗಬಹುದು, ಅದರ ಹಿಂದಿನ ಫೋಮನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ. ಆಮೇಲೆ ಎಲ್ಲವನ್ನೂ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿ ಮೂಗಿಡಿ. ಹಸಿ ಗೋಣಿಚೀಲದ ವಾಸನೆ ಮತ್ತೆ ಬಂದರೆ ಕೆಲಸ ಮುಗಿದಿಲ್ಲ. ಎರಡನೇ ಸಲ ತೊಳೆದ ಮೇಲೂ ವಾಸನೆ ಇದ್ದರೆ ನಾನಾದರೆ ಆ ಕವರನ್ನು ಬಿಡುತ್ತೇನೆ. ಉಬ್ಬಸದ ಮಗುವಿಗೆ ಅದರ ಜೊತೆ ಹಟ ಬೇಡ.

ಬೆಲ್ಟಿನ ವಿಷಯಕ್ಕೆ ನಿಮ್ಮ ಮುಂದೆ ಎರಡು ದಾರಿ. ಸೀಟಿನ ಹಿಂದಿನ ಸ್ಟಿಕ್ಕರಿನಲ್ಲಿರುವ ಮಾಡೆಲ್ ಮತ್ತು ನಂಬರು ಬರೆದು ಕಂಪನಿಗೆ ಫೋನ್ ಮಾಡಿ, ಪೂರ್ತಿ ಬೆಲ್ಟಿನ ಸೆಟ್ಟು ಕೊಡುತ್ತಾರಾ ಕೇಳಿ. ಅದೇ ಮಾಡೆಲ್ಲಿನದ್ದು, ಕಂಪನಿಯದ್ದೇ ಆಗಬೇಕು. ಬ್ಯಾಗ್ ಹೊಲಿಯುವವರ ಹತ್ತಿರ ಅಂಥದೇ ಪಟ್ಟಿ ಸಿಗುತ್ತದೆ, ಇನ್ನೂರು ರೂಪಾಯಿಗೆ ಹೊಲಿದೂ ಕೊಡುತ್ತಾರೆ. ನಮ್ಮ ಊರಲ್ಲಿ ಇದನ್ನು ಮಾಡಿಸಿಕೊಂಡು ಬಂದವರನ್ನು ಕಣ್ಣಾರೆ ನೋಡಿದ್ದೇನೆ. ಆ ಪಟ್ಟಿ ಸ್ಕೂಲ್ ಬ್ಯಾಗು ಹೊರುವುದಕ್ಕೆ ಇರುವುದು. ಬೆಲ್ಟು ಬಂದಮೇಲೆ ಫೋಟೋ ನೋಡಿ ಹಾಗೇ ಹಾಕಿ, ಎಲ್ಲೂ ತಿರುಚಿರಬಾರದು. ಮಗು ಮುಂದಕ್ಕೆ ಮುಖ ಮಾಡಿ ಕೂರುವುದಾದರೆ ಬೆಲ್ಟು ಹೆಗಲ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ ಬರಬೇಕು, ಹಿಂದಕ್ಕೆ ಮುಖವಾದರೆ ಹೆಗಲ ಮಟ್ಟ ಅಥವಾ ಸ್ವಲ್ಪ ಕೆಳಗಿನಿಂದ. ಬಿಗಿ ಮಾಡಿದಮೇಲೆ ಹೆಗಲ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿ. ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲ.

ಎರಡನೇ ದಾರಿ ಹೊಸ ಸೀಟು. ಯಾವಾಗ ಅದೇ ಲೇಸು? ಕಂಪನಿ ಬೆಲ್ಟು ಕೊಡದಿದ್ದರೆ. ಸೀಟಿನ ಆಯಸ್ಸು ಮುಗಿದಿದ್ದರೆ. ಕಂಪನಿಗಳು ಸಾಮಾನ್ಯವಾಗಿ 6ರಿಂದ 10 ವರ್ಷ ಹೇಳುತ್ತವೆ. ಸ್ಟಿಕ್ಕರ್ ಅಳಿಸಿಹೋಗಿದ್ದರೆ ಪ್ಲಾಸ್ಟಿಕ್ಕಿನ ತಳದಲ್ಲಿ ಹುಡುಕಿ. ಗಡಿಯಾರದ ಹಾಗೆ ಒಂದು ಸಣ್ಣ ವೃತ್ತ, ಸುತ್ತ 1ರಿಂದ 12, ನಡುವೆ ಬಾಣ, ಪಕ್ಕದಲ್ಲಿ ವರ್ಷ ಒತ್ತಿರುತ್ತಾರೆ. ಆ ಪ್ಲಾಸ್ಟಿಕ್ ಅಚ್ಚು ಹಾಕಿದ ತಿಂಗಳು ಅದು. ನಿಮ್ಮಣ್ಣನಿಗೂ ಒಂದು ಫೋನ್ ಮಾಡಿ, ಈ ಸೀಟು ಇದ್ದ ಕಾರು ಎಲ್ಲಾದರೂ ಗುದ್ದಿತ್ತಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಬೆಲ್ಟಿಗೆ ದುಡ್ಡು ಹಾಕುವುದು ದಂಡ. ಹೊಸದು ಕೊಳ್ಳುವಾಗ ಕಿತ್ತಳೆ ಬಣ್ಣದ ಸ್ಟಿಕ್ಕರ್ ನೋಡಿ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಜೊತೆಗೆ ಆರ್-44 ಅಥವಾ ಆರ್-129 ಅಂತ ಇರುತ್ತದೆ, ಮಕ್ಕಳ ಸೀಟಿಗೆ ವಿಶ್ವಸಂಸ್ಥೆ ಮಾಡಿದ ಸುರಕ್ಷತೆಯ ನಿಯಮಗಳ ನಂಬರು ಅವು. ನಮ್ಮ ದೇಶದ ಮಾನದಂಡಕ್ಕೆ ಎಐಎಸ್-072 ಅಂತ ಹೆಸರು. ಏನೂ ಇಲ್ಲದ, ಬರೀ ದಿಂಬಿಗೆ ಪಟ್ಟಿ ಹೊಲಿದಂಥವು ಆನ್‌ಲೈನಿನಲ್ಲಿ ಸಾವಿರ-ಒಂದೂವರೆ ಸಾವಿರಕ್ಕೆ ಬರುತ್ತವೆ. ಅವು ಬೇಡ.

ಒಂದು ಸಂದರ್ಭದಲ್ಲಿ ನಾನು ತೊಳೆಯುವ ಮಾತೇ ಆಡುವುದಿಲ್ಲ. ಭೀಮಾ ನದಿ ತುಂಬಿ ಬಂದಾಗ ಅಫಜಲಪುರ, ಜೇವರ್ಗಿ, ಅತ್ತ ಯಾದಗಿರಿಯ ದಂಡೆಯ ಊರುಗಳಲ್ಲಿ ಕಾರಿನೊಳಗೆ ನೀರು ನಿಲ್ಲುತ್ತದೆ. 2020ರ ಅಕ್ಟೋಬರಿನ ಪ್ರವಾಹದ ಮೇಲೆ ಅಂಥ ಸೀಟುಗಳನ್ನು ನೋಡಿದ್ದೇನೆ. ಬಕಲಿನೊಳಗೆ, ಥರ್ಮಾಕೋಲಿನ ಹಿಂದೆ, ಬೆಲ್ಟಿನ ನೇಯ್ಗೆಯಲ್ಲಿ ಎಲ್ಲ ಕಡೆ ಸಣ್ಣ ರೇವೆ ಮಣ್ಣು, ಅದರ ಜೊತೆ ಚರಂಡಿಯ ನೀರು. ಓದುವವರಲ್ಲಿ ಯಾರ ಸೀಟಾದರೂ ಅಂಥ ನೀರಲ್ಲಿ ಮುಳುಗಿದ್ದರೆ ಬಿಡಿ, ಆಸೆ ಮಾಡಬೇಡಿ. ಕಾರಿಗೆ ವಿಮೆ ಇದ್ದರೆ ಸರ್ವೇಯರಿಗೆ ಸೀಟನ್ನೂ ತೋರಿಸಿ, ಅದನ್ನು ಹಿಡಿಯುತ್ತಾರಾ ಅಂತ ಕೇಳಿ ನೋಡಿ.

ಕಾರಿನ ಸ್ವಂತ ಬೆಲ್ಟನ್ನು ಯಾರೂ ನೋಡುವುದಿಲ್ಲ. ಮಗುವಿನ ಸೀಟನ್ನು ಕಟ್ಟಿದ ಹಿಂದಿನ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಇದೇ ಚುಕ್ಕೆ ಇದ್ದರೆ ಅದಕ್ಕೂ ಇದೇ ಲೆಕ್ಕ.

ಬೆಲ್ಟು ಬರಲು ಒಂದೆರಡು ವಾರ ಹಿಡಿಯಬಹುದು. ಅಲ್ಲಿ ತನಕ ಏನು ಮಾಡುವುದು ಅನ್ನುವುದೇ ನಿಮಗೆ ಕಷ್ಟದ ಪ್ರಶ್ನೆ, ನನಗೆ ಗೊತ್ತು. ತೊಡೆ ಮೇಲೆ ಕೂರಿಸಿ ನಿಮ್ಮ ಬೆಲ್ಟನ್ನೇ ಇಬ್ಬರಿಗೂ ಸೇರಿಸಿ ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಗುದ್ದಿದರೆ ನಿಮ್ಮ ತೂಕವೆಲ್ಲ ಬಂದು ಮಗುವನ್ನು ಬೆಲ್ಟಿಗೆ ಒತ್ತುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ. ನಮ್ಮ ರಸ್ತೆಯಲ್ಲಿ ಅದನ್ನು ಯಾರು ಹಿಡಿದರು, ಯಾರು ಬಿಟ್ಟರು ಅನ್ನುವುದು ಬೇರೆ ಮಾತು. ನೆಂಟರಲ್ಲಿ, ಸ್ನೇಹಿತರಲ್ಲಿ ಯಾರದ್ದಾದರೂ ಸೀಟಿನ ಪೂರ್ತಿ ಚರಿತ್ರೆ ನಿಮಗೆ ಗೊತ್ತಿದ್ದರೆ ಅದನ್ನು ಎರಡು ವಾರಕ್ಕೆ ಇಸಕೊಳ್ಳಿ. ಇಲ್ಲದಿದ್ದರೆ ಹುಮನಾಬಾದ್ ಕಡೆಗೋ ಬೀದರಿಗೋ ಕಾರಿನಲ್ಲಿ ಹೋಗುವ ಓಡಾಟವನ್ನು ಮುಂದೂಡಿ, ಹೋಗಲೇಬೇಕಾದರೆ ದಸರೆಗೆ ಹೋದ ಹಾಗೆ ಬಸ್ಸಿದೆ.

ಮತ್ತೆ ಬರದ ಹಾಗೆ ನೋಡಿಕೊಳ್ಳುವುದು ಅಂಥ ದೊಡ್ಡ ಕೆಲಸವಲ್ಲ. ಮನೆ ಹತ್ತಿರ ಬರುವಾಗ ಎರಡು-ಮೂರು ನಿಮಿಷ ಮೊದಲೇ ಏಸಿಯ ಗುಂಡಿ ಆರಿಸಿ ಫ್ಯಾನು ಮಾತ್ರ ಓಡಲಿ, ಒಳಗಿನ ತೇವ ಒಣಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸೀಟು ಎತ್ತಿ ಚೂರು ಗುಡಿಸಿ. ವಾರಕ್ಕಿಂತ ಜಾಸ್ತಿ ಊರಿಗೆ ಹೋಗುವುದಾದರೆ ಮಗುವಿನ ಸೀಟನ್ನು ಬಿಚ್ಚಿ ಮನೆಯೊಳಗೆ ಇಡಿ. ಒದ್ದೆ ಕಾರಿನ ಮೇಲೆ ಕವರ್ ಹಾಕಬೇಡಿ.

ಇನ್ನು ಆ ಹಳೆಯ ಬೆಲ್ಟು, ಅಥವಾ ಪೂರ್ತಿ ಸೀಟೇ ಬಿಡುವುದಾದರೆ ಸೀಟು. ಹಾಗೇ ಗೇಟಿನ ಹೊರಗೆ ಇಡಬೇಡಿ. ನೋಡಲು ಚೆನ್ನಾಗಿದೆ ಅಂತ ಯಾರಾದರೂ ತಮ್ಮ ಮಗುವಿಗೆ ಒಯ್ಯುತ್ತಾರೆ. ಕತ್ತರಿಯಿಂದ ಎಲ್ಲ ಪಟ್ಟಿಗಳನ್ನೂ ಬಕಲಿನ ಹತ್ತಿರ ಕತ್ತರಿಸಿ, ಪ್ಲಾಸ್ಟಿಕ್ಕಿನ ಮೇಲೆ ದಪ್ಪ ಮಾರ್ಕರಿನಲ್ಲಿ 'ಕೆಟ್ಟಿದೆ, ಬಳಸಬೇಡಿ' ಅಂತ ಬರೆದು ಗುಜರಿಗೆ ಹಾಕಿ.